ಬಣ್ಣದ ಬೀದಿಯ ಅಗುಳಿ

ನಮ್ಮ ಊರಿನಲ್ಲಿ ಕಟ್ಟಳೆ ಮಾಡುವವರ ಕೈ ಏಳುವುದಿಲ್ಲ. ಜನ ಆರಿಸಿ ಕಳಿಸಿದವರು ಕಟ್ಟಳೆ ಮನೆಯ ಹೊಸ್ತಿಲು ದಾಟಿದ ಗಳಿಗೆಯಿಂದ ಎರಡೂ ತೋಳು ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತವೆ. ನಾಲ್ಕು ವರ್ಷ ಮುಗಿಸಿ ಆಚೆ ಬಂದರೆ ಬೆರಳು ಚುರುಚುರು ಅಂದು ಮತ್ತೆ ಜೀವ ಬರುತ್ತದೆ. ಜಾರಿ ಮನೆಗೆ ಸೇರಿದವರ ಕೈಕಾಲು ಗಟ್ಟಿ, ದನಿ ಮಾತ್ರ ಹೋಗುತ್ತದೆ. ಅವರು ಕೊರಳಿಗೆ ಪಾಟಿ ಕಟ್ಟಿಕೊಂಡು, ಬಳಪದಲ್ಲಿ ಬರೆದು ತೋರಿಸುತ್ತ ಓಡಾಡುತ್ತಾರೆ. ತೀರ್ಪಿನ ಮನೆಯಲ್ಲಿ ಕೂತವರ ಕಾಲು ಸತ್ತುಹೋಗುತ್ತದೆ. ಅವರು ಸಾಯುವ ತನಕ ಅಲ್ಲೇ. ಪರವೂರಿನವರು ಬಂದು ಇದೇಕೆ ಹೀಗೆ ಅಂತ ಕೇಳುವುದುಂಟು. ನೀರು ಯಾಕೆ ತಗ್ಗಿಗೆ ಹರಿಯುತ್ತದೆ ಅಂತ ಅವರೂರಲ್ಲಿ ಯಾರಾದರೂ ಕೇಳುತ್ತಾರೆಯೇ? ನಮಗೂ ಹಾಗೆಯೇ.

ಕೈ ಏಳದವರು ಉಣ್ಣಬೇಕಲ್ಲ. ಅದಕ್ಕೆ ನಾವಿದ್ದೆವು, ಉಣಿಸುವವರು. ಹೆಂಡತಿ, ಮಕ್ಕಳು, ಒಡಹುಟ್ಟಿದವರು ಆ ಕೆಲಸ ಮಾಡಕೂಡದು; ತುತ್ತಿನ ಜೊತೆ ಮನೆಯ ಮಾತೂ ಹೊಟ್ಟೆಗೆ ಹೋಗುತ್ತದೆ ಅಂತ ಹಿರಿಯರು ಹೇಳಿದ್ದು. ನಾನು, ಸಂಕವ್ವ, ಪಂಪಣ್ಣನವರಿಗೆ ಏಳು ವರ್ಷ ಉಣಿಸಿದೆ. ಜವಳಿ ಅಂಗಡಿಯ ಯಜಮಾನರು, ಎರಡು ಸಲ ಆರಿಸಿ ಬಂದವರು. ಒಳ್ಳೆಯವರೇ. ಊಟಕ್ಕೆ ಕೂತರೆ ಗುರೆಳ್ಳು ಚಟ್ನಿ ಮೊದಲು ಬರಬೇಕು, ಇಲ್ಲದಿದ್ದರೆ ಮಗುವಿನ ಹಾಗೆ ಮುಖ ತಿರುಗಿಸುತ್ತಿದ್ದರು. ಕಟ್ಟಳೆ ಮನೆಯಲ್ಲಿ ಅವರು ದೊಡ್ಡ ದೊಡ್ಡ ಮಾತಾಡುವಾಗ ನಾನು ಹಿಂದೆ ನಿಂತು ಅವರ ಮೂಗಿನ ಮೇಲಿನ ನೊಣ ಓಡಿಸುತ್ತಿದ್ದೆ. ಸೊಳ್ಳೆ ಕಾಲದಲ್ಲಿ ಅಲ್ಲಿ ಕಟ್ಟಳೆಗಳು ಬೇಗ ಬೇಗ ಆಗುತ್ತಿದ್ದವು; ಹನ್ನೊಂದು ಜನಕ್ಕೂ ಮನೆಗೆ ಹೋಗುವ ಆತುರ.

ಉಣಿಸುವವರ ಕೈ ತುತ್ತಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೊದಲು ಹಾಳೆ ಮಗುಚು ಅಂದರು, ಮಗುಚಿದೆ. ಆಮೇಲೆ ಕಿಟಕಿ ಹಾಕು ಅಂದರು. ಅಂಗಡಿಯ ಬೀಗ ಹಾಕಿ ಬಾ ಅಂದರು. ಬೀದಿಗೆ ಅಡ್ಡ ನಿಂತ ಯಾರದೋ ಗಾಡಿ ಸರಿಸು ಅಂದರು, ಅದನ್ನೂ ಸರಿಸಿದೆ. ಬೀದಿಯ ಗಾಡಿ ಸರಿಸುವುದು ಜಾರಿ ಮನೆಯ ಕೆಲಸ. ಆದರೆ ಆ ಮೂಕರನ್ನು ಹುಡುಕಿ, ಪಾಟಿ ಓದಿ, ಕಟ್ಟಳೆಯ ಚೀಟಿ ತೋರಿಸುವಷ್ಟರಲ್ಲಿ ಬೆಳಗಿನ ಕೆಲಸಕ್ಕೆ ಸಂಜೆಯಾಗುತ್ತದೆ. ಕೈಯೆಟಕಿನಲ್ಲಿ ನಾನಿದ್ದೆ. ಊರಿನ ಹನ್ನೊಂದು ಉಣಿಸುವವರೂ ಹೀಗೇ ಮಾಡುತ್ತಿದ್ದರು, ಯಾರೂ ತಪ್ಪು ಅಂದುಕೊಳ್ಳಲಿಲ್ಲ. ನನಗಂತೂ ಸ್ವಲ್ಪ ಜಂಬವೇ ಇತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ತಂಗಿ ಬಾಳವ್ವನನ್ನು ಬಣ್ಣದ ಬೀದಿಗೆ ಕೊಟ್ಟಿತ್ತು. ನೂಲಿಗೂ ಬಟ್ಟೆಗೂ ಬಣ್ಣ ಅದ್ದುವವರ ಬೀದಿ ಅದು. ಹಿಂದೆ ನದಿ, ಎರಡು ಕಡೆ ಹಳೆಯ ಕೋಟೆಯ ಗೋಡೆ, ಮುಂದೆ ಒಂದೇ ಬಾಗಿಲು. ಎರಡಾಳು ಎತ್ತರದ ಆ ಬಾಗಿಲಿಗೆ ಅಗುಳಿ ಹೊರಗಡೆ ಇತ್ತು. ಯಾವ ಕಾಲದಲ್ಲಿ ಯಾರಿಗೆ ಹೆದರಿ ಹೊರಗಡೆ ಇಟ್ಟರೋ ಯಾರಿಗೂ ನೆನಪಿಲ್ಲ. ನಾನು ಹುಟ್ಟಿದಾಗಿನಿಂದ ಅದನ್ನು ಹಾಕಿದ್ದು ಕಂಡಿರಲಿಲ್ಲ; ಅದರ ಮೇಲೆ ಲಡಿ ಲಡಿ ನೂಲು ಒಣಹಾಕುತ್ತಿದ್ದರು. ಬಾಳವ್ವನ ಗಂಡ ಕಾಳೇಶಿ ನೀಲಿ ಬಾನಿಯಲ್ಲಿ ಕೆಲಸ ಮಾಡುವವನು, ಮೊಣಕೈ ತನಕ ನೀಲಿ; ನೂಲು ಹಿಂಡುವ ಬಾಳವ್ವನದು ಬೆರಳ ತುದಿ. ಅವರ ಮಗಳು ಸೂಗಿಗೆ ನಾಲ್ಕು ವರ್ಷ. ನಾನು ಹೋದರೆ ಓಡಿ ಬಂದು ನನ್ನ ಎರಡೂ ಕೈ ತೆರೆಸಿ, ಏನು ತಂದಿದ್ದೇನೆ ಅಂತ ಮೂಸಿ ನೋಡುತ್ತಿದ್ದಳು.

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನದಿಯ ತುಂಬ ಮೀನು ಹೊಟ್ಟೆ ಮೇಲಾಗಿ ತೇಲಿದವು. ನೀರು ಬೆಳ್ಳಗೆ ಮಬ್ಬಾಗಿತ್ತು, ಬಾಯಿಗೆ ಹಾಕಿದರೆ ನಾಲಿಗೆ ಸುಡುತ್ತಿತ್ತು. ಬೇರೆ ಬೀದಿಗಳಿಗೆ ಬಾವಿ ಇವೆ, ಬಣ್ಣದ ಬೀದಿಗೆ ಬಾವಿ ಇಲ್ಲ. ಅವರಿಗೆ ಕುಡಿಯುವುದಕ್ಕೂ ಅದ್ದುವುದಕ್ಕೂ ನದಿಯೇ. ಹಾಗಿದ್ದ ಮೇಲೆ ಅವರು ತಮ್ಮ ನೀರಿಗೆ ತಾವೇ ವಿಷ ಹಾಕುತ್ತಾರೆಯೇ ಅಂತ ಯಾರೂ ಯೋಚಿಸಲಿಲ್ಲ. ನೀರು ಕೆಟ್ಟಿದೆ, ನೀರಿಗೆ ಬಣ್ಣ ಬಿಡುವವರು ಅವರು, ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಸಂತೆಪೇಟೆಯಲ್ಲಿ ಜನ ಬಡಿಗೆ ಹಿಡಿದು ನಿಂತಿದ್ದರು.

ಕಟ್ಟಳೆ ಮನೆ ಸೇರಿತು. ಬಣ್ಣದ ಬೀದಿಯ ಬಾಗಿಲು ಹಾಕಿಸಬೇಕು ಎಂದು ಪಂಪಣ್ಣನವರು ಮಾತು ಇಟ್ಟರು. ಎದುರಿನ ಮುದುಕರೊಬ್ಬರು, "ಪ್ಯಾಟಿ ಕಲ್ಲಿನ ಮ್ಯಾಗ ಏನ್ ಬರದೈತಿ ಓದೀರೇನು?" ಅಂದರು. ಮೂರೂ ಮನೆ ಒಂದಾದರೂ ಮಾಡಕೂಡದ ಕೆಲಸಗಳನ್ನು ಸಂತೆಪೇಟೆಯ ಆ ಕಲ್ಲಿನಲ್ಲಿ ಕೆತ್ತಿದ್ದಾರೆ. ಕಾರಣ ಹೇಳದೆ, ಅವರ ಮಾತು ಕೇಳದೆ ಯಾರನ್ನೂ ಕೂಡಿಹಾಕಕೂಡದು ಎನ್ನುವುದು ಅದರ ಮೂರನೇ ಸಾಲು. ಬೆಳ್ಳುಳ್ಳಿ ಮಾರುವವಳು ಅದಕ್ಕೇ ಒರಗಿ ಕೂರುವುದರಿಂದ ಆ ಸಾಲು ಸವೆದುಹೋಗಿದೆ. ಅದೂ ಅಲ್ಲದೆ ನದಿ ನಮ್ಮದಲ್ಲ, ದೊಡ್ಡೂರಿನದು ಎಂದರು ಇನ್ನೊಬ್ಬರು. ನಮ್ಮಂಥ ಹದಿನಾರು ಊರುಗಳು ಸೇರಿ ಒಂದು ಕಾಲದಲ್ಲಿ ದೊಡ್ಡೂರನ್ನು ಕಟ್ಟಿಕೊಂಡವಂತೆ. ನದಿ, ದಂಡು, ನಾಣ್ಯ, ಊರಿಂದ ಊರಿಗೆ ಹೋಗುವ ಹಾದಿ ಅವರ ಪಾಲು. ಬೀದಿ, ಬಾವಿ, ಸಂತೆ, ಸಾಲೆ ನಮ್ಮ ಪಾಲು. ಅಲ್ಲೂ ಮೂರು ಮನೆಗಳಿವೆ, ಅಲ್ಲೂ ಕೈ, ದನಿ, ಕಾಲು ಹೋಗುತ್ತವೆ. ಕೊನೆಗೆ ದನಿ ಎಣಿಸಿದರು. ಬಾಗಿಲು ಹಾಕಬೇಕು ಅಂದವರು ಐದು ಜನ, ಬೇಡ ಅಂದವರು ಆರು ಜನ. ಮಾತು ಬಿದ್ದುಹೋಯಿತು. ಮೀನು ಸತ್ತದ್ದು ಯಾಕೆ ಅಂತ ಕೇಳಿ ದೊಡ್ಡೂರಿಗೆ ಓಲೆ ಕಳಿಸುವುದು ಅಂತಾಯಿತು.

ಹೊರಗೆ ಬಂದ ಪಂಪಣ್ಣನವರು ಬೆವೆತಿದ್ದರು. ಮುಖ ಒರೆಸಿದೆ. ಸಂತೆಪೇಟೆಯ ಗದ್ದಲ ಅಲ್ಲಿಗೂ ಕೇಳುತ್ತಿತ್ತು.

"ಸಂಕವ್ವಾ, ಜನ ಬಡಿಗಿ ಹಿಡಿದಾರ. ಒಳಗ ನುಗ್ಗಿದ್ರ ಹೆಣ ಬೀಳ್ತಾವು. ನಿನ್ನ ತಂಗಿನೂ ಅಲ್ಲೇ ಅದಾಳಲ್ಲ?"

"ಅದಾಳ್ರಿ ಯಜಮಾನ್ರ."

"ಹೋಗಿ ಅಗುಳಿ ಹಾಕಿ ಬಾ. ಬಾಗ್ಲ ಹಾಕಿದ್ರ ಅವ್ರಿಗೂ ಚಲೋ. ಇವತ್ತೊಂದಿನದ ಮಾತು. ನಾಳೆ ಜನ ತಣ್ಣಗಾಗ್ತಾರ, ತಗದ್ರಾತು."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅವರಿಗೆ ಹೆದರಿಕೆಯಾಗಿತ್ತು, ನನಗೂ ಆಗಿತ್ತು. ಹೋದೆ. ಬಾಗಿಲು ಎಷ್ಟೋ ವರ್ಷ ಅಲುಗದೆ ನೆಲಕ್ಕೆ ಕಚ್ಚಿಕೊಂಡಿತ್ತು, ನನ್ನೊಬ್ಬಳ ಕೈಲಿ ಆಗಲಿಲ್ಲ. ಬಾಳವ್ವ ಒಳಗಿನಿಂದ ಬಂದಳು. ಸಂಗತಿ ಹೇಳಿದೆ. "ಹೌದೇನಕ್ಕಾ? ಹಂಗಾರ ಲಗೂ ಹಾಕು, ಆ ಮಂದಿ ಬರಾಕ್ಹತ್ಯಾರ," ಅಂದು ಅವಳೇ ಒಳಗಿನಿಂದ ಭುಜ ಕೊಟ್ಟು ತಳ್ಳಿದಳು. "ನಾಳೆ ಬರೂಮುಂದ ಸೂಗಿಗೆ ರೊಟ್ಟಿ ತಗೊಂಬಾ," ಅಂದದ್ದು ಸಂದಿಯಿಂದ ಕೇಳಿತು. ನಾನು ಅಗುಳಿ ಹಾಕಿದೆ. ಎರಡೂ ಕೈಯಿಂದ ಹಾಕಿದೆ.

ಬಡಿಗೆಯವರು ಬಂದು ನೋಡಿದರು. ಅಗುಳಿ ಹಾಕಿತ್ತು. ಯಾರೋ ಅಪ್ಪಣೆ ಕೇಳಿಯೇ ಹಾಕಿರಬೇಕು ಅಂದುಕೊಂಡು ಮನೆಗೆ ಹೋದರು. ಊರಿಗೆ ಊರೇ ಹಾಗೆ ಅಂದುಕೊಂಡಿತು.

ಮರುದಿನ ರೊಟ್ಟಿ ಕಟ್ಟಿಕೊಂಡು ಪಂಪಣ್ಣನವರ ಹತ್ತಿರ ಹೋದೆ. ತೆಗೆಯಲೇ ಅಂದೆ. ಜನ ಇನ್ನೂ ಕುದಿಯುತ್ತಿದ್ದಾರೆ, ನಾಳೆ ಅಂದರು. ಅದರ ಮರುದಿನ, "ಈಗ ತಗದ್ರ ಯಾರ್ ಹಾಕಿದ್ರು ಅಂತ ಕೇಳ್ತಾರವ್ವಾ. ನಂದೂ ಹೋಗ್ತೈತಿ, ನಿಂದೂ ಹೋಗ್ತೈತಿ. ದೊಡ್ಡೂರ ಓಲಿ ಬರ್ಲಿ," ಅಂದರು. ಬಾಗಿಲ ಕೆಳಗಿನ ಸಂದಿಯಲ್ಲಿ ರೊಟ್ಟಿ ಮಡಿಸಿ ತೂರಿಸಿದೆ. ರೊಟ್ಟಿ ಸಂದಿಯಲ್ಲಿ ಹೋಗುತ್ತದೆ, ಕೊಡ ಹೋಗುವುದಿಲ್ಲ. ನೀರು ಸುರಿದರೆ ಮಣ್ಣು ಕುಡಿಯಿತು. ಒಳಗೆ ನಲವತ್ತು ಮನೆಗಳು ಆ ಬೆಳ್ಳಗಿನ ನದಿ ನೀರನ್ನೇ ಸೋಸಿ ಕುಡಿಯುತ್ತಿದ್ದವು.

ಮೂರನೇ ದಿನ ಜಾರಿ ಮನೆಗೆ ಹೋದೆ. ಅಲ್ಲಿಯ ಹಿರಿಯ ಸಿದ್ರಾಮ ನನ್ನ ಜೊತೆ ಸಾಲೆ ಕಲಿತವನು, ಗಟ್ಟಿ ಆಳು. ಒಂದೇ ಕೈಯಲ್ಲಿ ಆ ಅಗುಳಿ ಎತ್ತಬಲ್ಲ. ಪಾಟಿಯ ಮೇಲೆ ಬರೆದು ತೋರಿಸಿದ: "ನಾವು ಹಾಕಿದ್ದಲ್ಲ. ತೆಗೆಯಲು ಚೀಟಿ ಇಲ್ಲ." ಅವನ ಕಣ್ಣಲ್ಲಿ ನೀರಿತ್ತು; ಅದನ್ನು ಒರೆಸಿಕೊಂಡ ಕೈಯಲ್ಲೇ ಪಾಟಿಯನ್ನೂ ಒರೆಸಿದ. ಕಟ್ಟಳೆ ಮನೆಗೆ ಹೋದರೆ, ಹಾಕಬೇಕು ಅಂತ ನಾವು ಕಟ್ಟಳೆಯನ್ನೇ ಮಾಡಿಲ್ಲ, ಮಾಡದ್ದನ್ನು ರದ್ದು ಮಾಡುವುದು ಹೇಗೆ ಅಂದರು. ಬೇಡ ಅಂದಿದ್ದ ಆ ಆರು ಜನರೂ ಹಾಗೇ ಅಂದರು.

ಓದುವವರು ನನ್ನನ್ನು ಬೈಯುತ್ತಿರುತ್ತೀರಿ, ಗೊತ್ತು. ಹೋಗಿ ಅಗುಳಿ ಸರಿಸಬಾರದಿತ್ತೇ ಅಂತ. ಸರಿಸಬಹುದಿತ್ತು. ಅಲ್ಲಿ ಕಾವಲಿರಲಿಲ್ಲ, ಬೀಗವಿರಲಿಲ್ಲ, ಬರೀ ಒಂದು ಮರದ ತೊಲೆ. ದಿನಾ ಆ ದಾರಿಯಲ್ಲಿ ನೂರಾರು ಜನ ಹೋದರು, ಒಳಗಿನ ಬಡಿತ ಕೇಳಿ ತಲೆ ತಗ್ಗಿಸಿದರು, ಕೆಲವರು ಅತ್ತರು. ಯಾರೂ ಕೈ ಹಾಕಲಿಲ್ಲ. ಇದು ನನ್ನ ಕೆಲಸವಲ್ಲ, ಇದಕ್ಕೊಂದು ಮನೆ ಇದೆ ಅಂತ ನಾವು ಹಾಲು ಕುಡಿಯುವಾಗಲೇ ಕಲಿತವರು. ನಾನು ಎರಡು ಸಲ ಅಗುಳಿಯ ಮೇಲೆ ಕೈ ಇಟ್ಟೆ. ಯಾರ ಅಪ್ಪಣೆಯಿಂದ ತೆಗೆದೆ ಅಂದರೆ ಏನು ಹೇಳಲಿ ಅನ್ನಿಸಿತು, ಕೈ ತೆಗೆದೆ. ಹಾಕುವಾಗ ಕೇಳದ ಅಪ್ಪಣೆಯನ್ನು ತೆಗೆಯುವುದಕ್ಕೆ ಕೇಳಿಕೊಂಡು ಊರೆಲ್ಲ ಅಲೆದೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ಉಳಿದದ್ದು ತೀರ್ಪಿನ ಮನೆ. ಆದರೆ ಅವರಿಗೆ ಕಾಲಿಲ್ಲವಲ್ಲ, ತಾವಾಗಿ ಎದ್ದು ಬಂದು ನೋಡುವಂತಿಲ್ಲ. ನೊಂದವರು ತಮ್ಮ ಕಾಲಲ್ಲಿ ನಡೆದು ಬಂದು, ಅವರ ಹೊಸ್ತಿಲ ಮೇಲೆ ನಿಂತು, ತಮ್ಮ ಬಾಯಲ್ಲಿ ಹೇಳಬೇಕು. ನೊಂದವರೆಲ್ಲ ಅಗುಳಿಯ ಆಚೆ ಇದ್ದರು. ಕಾಳೇಶಿಗೆ ಇದು ಹೊಳೆದಿತ್ತು. ನಾಲ್ಕನೇ ದಿನ ಅವನು ಬೀದಿಯ ಹಿಂದೆ ನದಿಗೆ ಹಾರಿದ. ಈಜಿ ಕಟ್ಟೆ ಹತ್ತಿ, ತೀರ್ಪಿನ ಮನೆಯ ಹೊಸ್ತಿಲು ಮುಟ್ಟಿದರೆ ಸಾಕು ಅಂತ. ನೆರೆ ಇಳಿದಿರಲಿಲ್ಲ. ಐದನೇ ದಿನ ಬೆಳಿಗ್ಗೆ ಅಗಸರ ಕಟ್ಟೆಯಲ್ಲಿ ಸಿಕ್ಕ. ನೀಲಿ ಕೈ ನೋಡಿ ಗುರುತು ಹಿಡಿದರು. ನಾಲ್ಕು ಜನ ಅವನನ್ನು ಹೊತ್ತುಕೊಂಡು ಹೋಗಿ ಅದೇ ಹೊಸ್ತಿಲ ಮೇಲೆ ಮಲಗಿಸಿದರು. ತೀರ್ಪಿನ ಮನೆಯ ಅಂಬಕ್ಕನವರು ಮೂವತ್ತು ವರ್ಷದಿಂದ ಆ ಗಾದಿಯ ಮೇಲೆ ಕೂತವರು. ಅವನನ್ನು ನೋಡಿ, "ಎತ್ತಿಕೊಂಡ್ ಹೋಗ್ರಪ್ಪಾ. ಇವ ಮಾತಾಡೂದಿಲ್ಲ," ಅಂದರಂತೆ.

ಅದು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ಪಂಪಣ್ಣನವರ ಮಧ್ಯಾಹ್ನದ ಊಟ ಅರ್ಧವಾಗಿತ್ತು. ತಟ್ಟೆ ಕೆಳಗಿಟ್ಟು ಎದ್ದೆ. "ಎಲ್ಲಿಗೆ?" ಅಂದರು. ಹೇಳಲಿಲ್ಲ. ಬಾಯಿಗೆ ಅನ್ನ ಮೆತ್ತಿಕೊಂಡು ಅವರು ಹಾಗೇ ಕೂತಿದ್ದರು.

ತೀರ್ಪಿನ ಮನೆಗೆ ನೂರಿಪ್ಪತ್ತು ಮೆಟ್ಟಿಲು. ಹತ್ತಿದೆ. ಹೊಸ್ತಿಲ ಮೇಲೆ ನಿಂತು ಕೂಗಿದೆ, ಬಣ್ಣದ ಬೀದಿಯವರನ್ನು ಕಾರಣ ಹೇಳದೆ ಕೂಡಿಹಾಕಿದ್ದಾರೆ ಅಂತ.

"ನೀ ಬಣ್ಣದ ಬೀದಿಯಾಕೇನು?" ಅಂಬಕ್ಕನವರು ಕೇಳಿದರು.

"ಅಲ್ರಿ. ನನ್ನ ತಂಗಿ ಒಳಗದಾಳ್ರಿ."

"ಹಂಗಾರ ನೊಂದಾಕಿ ನಿನ್ನ ತಂಗಿ, ನೀ ಅಲ್ಲ. ಆಕಿ ಬರ್ಬೇಕು."

"ಬರಾಕ ಆಗೂದಿಲ್ರಿ, ಅಗುಳಿ ಹಾಕೈತ್ರಿ!"

"ನನಗ ಗೊತ್ತಿಲ್ಲೇನು? ಐದ್ ದಿನದಿಂದ ಕಿವಿ ತೆರಕೊಂಡ್ ಕುಂತೀನಿ. ತರದ ದೂರು ನಾ ಹೆಂಗ್ ಕೇಳ್ಲಿ? ಒಂದ್ ಸಲ ಕೇಳಿದ್ರ, ನಾಳಿಂದ ನನಗ ಬೇಕಾದ್ದೆಲ್ಲ ಕೇಳ್ತೀನಿ," ಅಂದರು.

ಆಗ ಹೇಳಿದೆ. "ಅಗುಳಿ ಹಾಕಿದ್ದು ನಾನ್ರಿ. ನನ್ನ ಮ್ಯಾಗ ನಾನ ದೂರು ತಂದೀನ್ರಿ. ಪಂಪಣ್ಣನವ್ರು ಹೇಳಿದ್ರು, ಈ ಕೈ ಮಾಡಿದ್ವು."

ಮಾಡಿದವರೇ ದೂರು ತರಕೂಡದು ಅಂತ ಎಲ್ಲೂ ಬರೆದಿರಲಿಲ್ಲ. ಯಾರೂ ತಂದಿರಲಿಲ್ಲ, ಅಷ್ಟೇ. ಅಂಬಕ್ಕನವರು ನನ್ನನ್ನು ಹತ್ತಿರ ಕರೆದು ನನ್ನ ಕೈ ಹಿಡಿದು ನೋಡಿದರು. ಅಂಗೈಯಲ್ಲಿ ಅಗುಳಿಯ ಸಿಬಿರು ಇನ್ನೂ ಇತ್ತು.

"ನಿನ್ನ ಮನಿ ಎಲ್ಲೈತಿ?" ಅಂದರು.

"ಪ್ಯಾಟಿ ಹಿಂದ್ರಿ."

"ಪ್ಯಾಟಿಯಿಂದ ಇಲ್ಲಿಗೆ ಬರೂಮುಂದ ಆ ಬಾಗ್ಲಾ ದಾಟೇ ಬರ್ಬೇಕು. ಇಲ್ಲಿಗಿಂತ ಹತ್ರ ಇತ್ತಲ್ಲವ್ವಾ."

ನಾನು ಕೈಯನ್ನು ಹಿಂದಕ್ಕೆಳೆದು ಸೆರಗಿನಲ್ಲಿ ಮುಚ್ಚಿಕೊಂಡೆ.

ತೀರ್ಪು ಸಣ್ಣದು. ಕಲ್ಲಿನ ಮೂರನೇ ಸಾಲು ಮುರಿದಿದೆ, ಬಾಗಿಲು ಈಗಲೇ ತೆಗೆಯಬೇಕು, ಜಾರಿ ಮನೆಯವರೇ ತೆಗೆಯಬೇಕು. ಕಟ್ಟಳೆ ಮನೆಯವರ ಮಾತನ್ನು ನಡೆಸಿಕೊಟ್ಟ ಕೈಯೂ ಕಟ್ಟಳೆ ಮನೆಯ ಕೈಯೇ. ಈ ಕೊನೆಯ ಮಾತು ನನಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ವ್ಯವಧಾನವೂ ಇರಲಿಲ್ಲ. ಚೀಟಿ ಬರೆಯುವವಳು ಬರೆದಳು, ಸುದ್ದಿ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಸಿದ್ರಾಮ ಅದನ್ನು ಕಸಿದುಕೊಂಡು ಮೆಟ್ಟಿಲು ಹಾರಿ ಹಾರಿ ಇಳಿದ. ಅವನು ಅಷ್ಟು ದಿನ ಕಾದದ್ದೇ ಆ ಚೀಟಿಗೆ. ಹಿಂದೆ ನಾನೂ ಓಡಿದೆ.

ಅಗುಳಿ ನೆಲಕ್ಕೆ ಬಿದ್ದ ಸದ್ದಿಗೆ ಊರು ಸೇರಿತು. ಬಾಗಿಲು ತೆರೆದಾಗ ಮೊದಲು ಬಂದದ್ದು ವಾಸನೆ. ಆಮೇಲೆ ಜನ, ಗೋಡೆ ಹಿಡಿದುಕೊಂಡು. ಹದಿನಾಲ್ಕು ಜನ ಬರಲಿಲ್ಲ. ಬಾಳವ್ವ ಬಂದಳು. ಅವಳ ತುಟಿ ಸುಟ್ಟು ಬಿರಿದಿದ್ದವು, ತೋಳಿನ ಮೇಲೆ ಸೂಗಿ ಇದ್ದಳು. ನಿದ್ದೆ ಮಾಡಿದ್ದಾಳೆ ಅಂದುಕೊಂಡೆ, ಒಂದು ಗಳಿಗೆ.

"ಅಕ್ಕಾ, ಹಿಡಕೋ. ನನಗ ಕೈ ಸೋತಾವು," ಅಂದು ಬಾಳವ್ವ ಕೂಸನ್ನು ನನ್ನ ಕಡೆ ಚಾಚಿದಳು.

ನಾನು ಕೈ ಚಾಚಿದೆ. ಚಾಚಿದೆ ಅಂದುಕೊಂಡೆ. ಕೈ ಏಳಲಿಲ್ಲ. ಭುಜದಿಂದ ಎರಡೂ ಜೋತುಬಿದ್ದಿದ್ದವು. ಬಾಳವ್ವ ಹಾಗೇ ಚಾಚಿಕೊಂಡು ನಿಂತಿದ್ದಳು, ನಾನು ಹಾಗೇ ನಿಂತಿದ್ದೆ. ಕೊನೆಗೆ ಸಿದ್ರಾಮ ಬಂದು ಕೂಸನ್ನು ತೆಗೆದುಕೊಂಡ.

ದೊಡ್ಡೂರಿನ ಓಲೆ ಎಂಟನೇ ದಿನ ಬಂತು. ಮೇಲಿನ ಯಾವುದೋ ಊರಿನ ಸುಣ್ಣದ ಭಟ್ಟಿಗಳು ನೆರೆಯಲ್ಲಿ ಒಡೆದು, ಸುಣ್ಣವೆಲ್ಲ ನದಿಗೆ ಸೇರಿತ್ತಂತೆ. ನದಿಯ ವಿಚಾರ ನಾವು ನೋಡುತ್ತೇವೆ, ಬೀದಿಯ ವಿಚಾರ ನಿಮ್ಮದು, ನಿಮ್ಮ ಬಣ್ಣದವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಿ ಅಂತ ಬರೆದಿದ್ದರು. ಅಕ್ಷರ ಬಹಳ ಚೆನ್ನಾಗಿತ್ತು.

ಪಂಪಣ್ಣನವರು ಅವಧಿ ಮುಗಿಯುವ ಮೊದಲೇ, ಆ ವಾರವೇ ಕಟ್ಟಳೆ ಮನೆಯ ಜಾಗ ಬಿಟ್ಟು ಹೊರಬಂದರು. ಕೊನೆಯ ಸಲ ಹೊಸ್ತಿಲು ದಾಟಿದಂತೆ ಕೈ ಬಂತು. ಈಗ ಅಂಗಡಿಯಲ್ಲಿ ಥಾನು ಥಾನು ಬಟ್ಟೆ ಬಿಚ್ಚಿ ಮಡಿಸುತ್ತಾರೆ, ತಮ್ಮ ಚಟ್ನಿ ತಾವೇ ಕಲಸಿಕೊಳ್ಳುತ್ತಾರೆ. ಅವರ ಮೇಲೆ ಯಾರೂ ದೂರು ತಂದಿಲ್ಲ. ಬಾಗಿಲು ತೆರೆದ ಮೇಲೆ ನೊಂದವರಿಗೆ ಕಾಲಿತ್ತು, ಬಾಯಿತ್ತು, ತರಬಹುದಿತ್ತು. ಬಾಳವ್ವನನ್ನು ಅವಳ ಬೀದಿಯವರು ಕೇಳಿದರಂತೆ. "ಬಾಗ್ಲಾ ಹಾಕಿದಾಕಿ ನಮ್ಮಕ್ಕ," ಅಂದಳಂತೆ, ಅಷ್ಟೇ.

ನನ್ನ ಕೈಗೆ ಅವಧಿ ಇಲ್ಲ. ನಾನು ಆರಿಸಿ ಬಂದವಳಲ್ಲ, ದಾಟಿ ಹೊರಬರಲು ನನಗೊಂದು ಹೊಸ್ತಿಲೂ ಇಲ್ಲ. ಉಳಿದ ಉಣಿಸುವವರು ಈಗ ಹುಷಾರಾಗಿದ್ದಾರೆ. ಕಿಟಕಿ ಹಾಕು ಅಂದರೂ ಜಾರಿ ಮನೆಯವರನ್ನು ಕರೆಯಿರಿ ಅನ್ನುತ್ತಾರೆ. ಅವರಲ್ಲಿ ಒಬ್ಬರೂ ನನಗೆ ಉಣಿಸಲು ಬರಲಿಲ್ಲ. ಮೂರು ದಿನ ತಟ್ಟೆಗೆ ಬಾಯಿ ಹಚ್ಚಿ ತಿಂದೆ. ನಾಲ್ಕನೇ ದಿನ ಬಾಳವ್ವ ಬಂದಳು. ಒಡಹುಟ್ಟಿದವರು ಉಣಿಸಕೂಡದು ಅನ್ನುವ ಮಾತನ್ನು ಊರಿನಲ್ಲಿ ಯಾರೂ ಎತ್ತಲಿಲ್ಲ.

ಎರಡು ವರ್ಷವಾಯಿತು. ದಿನಾ ಮಧ್ಯಾಹ್ನ ಬರುತ್ತಾಳೆ. ಅವಳು ಮಾತಾಡುವುದಿಲ್ಲ. ಈ ಕಥೆಯನ್ನು ನಾನು ಹೇಳಿದಂತೆ ಬರೆದುಕೊಂಡವಳೂ ಅವಳೇ. ಅಲ್ಲಲ್ಲಿ ಅಕ್ಷರ ಅಲುಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ರೊಟ್ಟಿ ಮುರಿದು, ಪಲ್ಯ ಹಚ್ಚಿ ತುತ್ತು ಮಾಡುತ್ತಾಳೆ. ಅವಳ ಬೆರಳ ತುದಿ ಈಗಲೂ ನೀಲಿ. ತುತ್ತು ನನ್ನ ಬಾಯಿಯ ಹತ್ತಿರ ಬಂದು ನಿಲ್ಲುತ್ತದೆ, ಪ್ರತಿ ತುತ್ತೂ ನಿಲ್ಲುತ್ತದೆ. ನಾನು ಬಾಯಿ ತೆರೆದುಕೊಂಡು ಕೂತಿರುತ್ತೇನೆ. ಅವಳಿಗೆ ಕೊಡು ಅಂತ ಯಾವ ಮನೆಯ ಅಪ್ಪಣೆಯೂ ಇಲ್ಲ, ಬೇಡ ಅಂತಲೂ ಇಲ್ಲ. ಇವತ್ತಿನವರೆಗೆ ಕೊಟ್ಟಿದ್ದಾಳೆ.